ವಾಪಸು ಬರದವು

ತಿಂಗಳ ಎರಡನೇ ಭಾನುವಾರ, ಗೋಪಿ ಸರ್ಕಲ್ಲಿನ ಹಿಂದೆ
ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ನಾವು ನಾಲ್ಕು ಜನ
ಯುಗಗಳನ್ನು ವಿಂಗಡಿಸುತ್ತೇವೆ.
ಕಾಮಿಕ್ಸ್ ಪುಸ್ತಕಗಳ ಯುಗ. ನಗಬೇಡಿ.
ಚಪ್ಪಲಿ ಬಾಗಿಲಲ್ಲಿ, ಬೆವರುವ ಕೈಗೆ ಪೌಡರು,
ಕಾಫಿ ಲೋಟಕ್ಕೆ ಬೇರೆಯೇ ಮೇಜು.

ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದ ಹುಚ್ಚರಾಯಪ್ಪನವರ ಪ್ರಕಾರ
ಸುವರ್ಣಯುಗ ಮುಗಿದದ್ದು ಬೆಲೆ ರೂಪಾಯಿ ಮುಟ್ಟಿದ ದಿನ.
ಎಂಬತ್ತು ಪೈಸೆ ಚಿನ್ನ, ರೂಪಾಯಿ ಬೆಳ್ಳಿ,
ಅದರಿಂದೀಚೆಗೆಲ್ಲ ತಾಮ್ರ, ಆಮೇಲಿನದು ಪ್ಲಾಸ್ಟಿಕ್ಕು.
ವಾಚ್ ರಿಪೇರಿ ಮುನೀರ್ ಪಾಷಾ ಒಪ್ಪುವುದಿಲ್ಲ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಬೆನ್ನಿನ ಪಿನ್ನು ನೋಡುತ್ತಾರೆ:
ಎರಡಿದ್ದರೆ ಚಿನ್ನ, ಒಂದಾದರೆ ಬೆಳ್ಳಿ,
ಧರ್ಮ ಒಂದೊಂದೇ ಕಾಲು ಕಳಕೊಂಡ ಹಾಗೆ.
ಎವ್ಲಿನ್ ಟೀಚರಿಗೆ ಬೆಲೆಯೂ ಬೇಡ, ಪಿನ್ನೂ ಬೇಡ,
ಪುಟ ಬಿಡಿಸಿ ಮೂಗಿಗೆ ಹಿಡಿಯುತ್ತಾರೆ:
ಹಳೆಯದಕ್ಕೆ ಬಿದಿರಿನ ವಾಸನೆ, ಹೊಸದಕ್ಕೆ ಸೀಮೆಣ್ಣೆಯದು.
"ಬೆಳ್ಳಿಯುಗ ಅಂದರೆ ಬೆಳ್ಳಿಹುಳ ತಿಂದದ್ದು, ಇನ್ನೇನು?"
ಅಂದು ತಾವೊಬ್ಬರೇ ನಗುತ್ತಾರೆ.

ನಾನು ಬರೆದುಕೊಳ್ಳುವವಳು.
ಹನ್ನೊಂದು ವರ್ಷದಲ್ಲಿ ಸುವರ್ಣಯುಗದ ಗಡಿ
ನಾಲ್ಕು ಸಲ ಹಿಂದೆ ಮುಂದೆ ಸರಿದಿದೆ.
ಪ್ರತಿ ಸಲವೂ ಅದು ಬಂದು ನಿಲ್ಲುವುದು
ನಮ್ಮಲ್ಲಿ ಯಾರಿಗೋ ಹತ್ತು ತುಂಬಿದ ಇಸವಿಯಲ್ಲಿ.

ಹೆಚ್ಚು ಬೆಲೆ ಯಾವುದಕ್ಕೆ?
ಮೂಲೆ ಮಡಿಯದ್ದಕ್ಕೆ, ಹೆಸರು ಗೀಚದ್ದಕ್ಕೆ,
ಕೊನೆಯ ಪುಟದ ಚುಕ್ಕಿಗಳನ್ನು ಸೇರಿಸದೆ ಬಿಟ್ಟದ್ದಕ್ಕೆ.
ಅಂದರೆ, ಯಾವ ಮಗುವೂ ಮುಟ್ಟದ್ದಕ್ಕೆ.
ಇದನ್ನು ಒಮ್ಮೆ ಹೇಳಿಬಿಟ್ಟೆ. ಪಾಷಾ ಸಾಹೇಬರು
ಭೂತಗನ್ನಡಿ ತೆಗೆಯದೆಯೇ ನನ್ನ ಕಡೆ ನೋಡಿದರು.

ನಾನು ಕಂಡ ಮೊದಲ ಯುಗಪಂಡಿತ ಕೆರಿಯಣ್ಣ,
ಖಾಸಗಿ ಬಸ್ ಸ್ಟ್ಯಾಂಡಿನ ಗೋಡೆಗೆ ಹಗ್ಗ ಕಟ್ಟಿ
ಬಟ್ಟೆ ಒಣಗಿಸಿದ ಹಾಗೆ ಪುಸ್ತಕ ನೇತುಹಾಕುತ್ತಿದ್ದವನು.
ಬಾಡಿಗೆ ದಿನಕ್ಕೆ ಹತ್ತು ಪೈಸೆ, ಅಲ್ಲೇ ಕೂತರೆ ಐದು.
ಅವನಿಗೆ ಅಕ್ಷರ ಬರುತ್ತಿರಲಿಲ್ಲ.
ಮುಖಪುಟ ನೋಡಿ ತಾನೇ ಹೆಸರಿಟ್ಟಿದ್ದ:
ನೀಲಿ ಕುದುರೆ, ಬೋಳ ಮಂತ್ರವಾದಿ, ನೀರೊಳಗಿನ ಹೆಂಗಸು.
ಇಡೀ ವ್ಯಾಪಾರಕ್ಕೆ ಮೂರೇ ಮೂರು ರಾಶಿ:
ಜೋರಾಗಿ ಹೋಗೋವು,
ಮೆಲ್ಲಗೆ ಹೋಗೋವು,
ವಾಪಸು ಬರದವು.
ಮೂರನೆಯದು ಇದ್ದದ್ದು ಅವನ ನಾಲಗೆ ಮೇಲೆ.
ಬಸ್ಸು ಬಂದು ನಿಂತಾಗಲೆಲ್ಲ
ಇಳಿಯುವವರ ಮುಖ ನೋಡುತ್ತ ಗೊಣಗುತ್ತಿದ್ದ:
"ಸಾಗರದ ಹುಡುಗ, ಎರಡು.
ಆಯನೂರಿನ ಕನ್ನಡಕದವನು, ಒಂದು.
ಪೋಸ್ಟ್‌ಮನ್ ಮಗಳು, ನೀರೊಳಗಿನ ಹೆಂಗಸು."

ಪೋಸ್ಟ್‌ಮನ್ ಮಗಳು ನಾನು.

ಹೋದ ಸಭೆಯಲ್ಲಿ ಪಾಷಾ ಒಂದು ಖಾಲಿ ಪ್ಲಾಸ್ಟಿಕ್ ಕವರು
ಮೇಜಿನ ಮೇಲಿಟ್ಟು, ಅಂಟಿಸಿದ ಚೀಟಿ ಓದಿದರು:
ಸಂಚಿಕೆ ಮೂವತ್ತೊಂದು. ಮುಖಪುಟದಲ್ಲಿ ನೀರು, ನೀರಲ್ಲಿ ಹೆಂಗಸು.
ಎಂಬತ್ತು ಪೈಸೆಯ ಕೊನೆಯದು.
"ಇದೊಂದು ಸಿಕ್ಕಿದರೆ ಗಡಿ ಇತ್ಯರ್ಥ."
ಹುಚ್ಚರಾಯಪ್ಪನವರು ದಾವಣಗೆರೆ, ಹುಬ್ಬಳ್ಳಿ, ಬೀರೂರಿಗೂ
ಫೋನು ಮಾಡಿ ಆಯಿತಂತೆ.

ಅದರ ಮುಖಪುಟ ನನ್ನ ಮಗ್ಗಿ ಪುಸ್ತಕಕ್ಕೆ ಬೈಂಡಾಯಿತು,
ಅಪ್ಪನಿಗೆ ಕಾಣದ ಹಾಗೆ ಚಿತ್ರ ಒಳಮುಖ ಮಾಡಿ.
ನಡುವಿನ ಹಾಳೆಗಳನ್ನು ತಮ್ಮ ದೋಣಿ ಮಾಡಿ
ತುಂಗೆಯ ಮೆಟ್ಟಿಲಲ್ಲಿ ಬಿಟ್ಟ, ಒಂದು ಬಹಳ ದೂರ ಹೋಯಿತು.
ಉಳಿದವು ಕಪ್ಪು ಬಿಳುಪು. ಅವಳ ಸೀರೆಗೆ ಅರಿಶಿನ ಹಚ್ಚಿದೆ.
ಮಾತಿನ ಗುಳ್ಳೆಗಳನ್ನು ಎಂಜಲು ರಬ್ಬರಲ್ಲಿ ತೂತಾಗುವಷ್ಟು ಉಜ್ಜಿ
ಒಳಗೆ ನನ್ನ ಮಾತು ಬರೆದೆ.
ಏನು ಬರೆದಿದ್ದೆನೋ.

ಫ್ಯಾನಿನ ಗಾಳಿಗೆ ಖಾಲಿ ಕವರು ಉಬ್ಬಿತು, ಕುಗ್ಗಿತು.
"ಬರಕೊಂಡಿರಾ ಮೇಡಂ?"
ಬರಕೊಂಡೆ: ಸುವರ್ಣಯುಗದ ಅಂತ್ಯ, ಮುಂದಿನ ಸಭೆಗೆ.
ಪಕ್ಕದ ಮಾರ್ಜಿನ್ನಿನಲ್ಲಿ, ಸಣ್ಣ ಅಕ್ಷರದಲ್ಲಿ,
ನಲವತ್ತೆಂಟು ವರ್ಷ, ದಿನಕ್ಕೆ ಹತ್ತು ಪೈಸೆ,
ಸಾವಿರದ ಏಳುನೂರ ಐವತ್ತೆರಡು ರೂಪಾಯಿ.
ಅಧಿಕ ವರ್ಷದ ದಿನಗಳನ್ನು ಸೇರಿಸಿಲ್ಲ.